ಈರುಳ್ಳಿ ಸಿಪ್ಪೆ ಬಣ್ಣದ ಒಂದು ಗೋಡೆ

ಆರ್.ಟಿ. ನಗರದಲ್ಲಿ ಮನೆಗಳಿಗಿಂತ ಖಾಲಿ ಸೈಟುಗಳೇ ಜಾಸ್ತಿ ಇದ್ದ ಕಾಲ ಅದು. ಸಂಜೆಯಾದರೆ ಹೆಬ್ಬಾಳದ ಕೆರೆ ಕಡೆಯಿಂದ ಗಾಳಿ ಅಡ್ಡಿಯಿಲ್ಲದೆ ಬೀಸಿ ಬಂದು, ಒಣಗಲು ಹಾಕಿದ ಬಟ್ಟೆಗಳನ್ನು ಪಕ್ಕದ ಬೀದಿಗೆ ಹೊತ್ತೊಯ್ಯುತ್ತಿತ್ತು. ಅಂಥ ಬಡಾವಣೆಯಲ್ಲಿ ಯಾರಾದರೂ ಮನೆಗೆ ಬಣ್ಣ ಹೊಡೆಸಲು ಹೊರಟರೆ ಪೇಂಟರಿಗಿಂತ ಮೊದಲು ಪಂಕಜಾ ಬರುತ್ತಿದ್ದಳು. ಕರೆದರೂ ಬರುತ್ತಿದ್ದಳು, ಕರೆಯದಿದ್ದರೂ ಬರುತ್ತಿದ್ದಳು. ಬೀದಿಯಲ್ಲಿ ಏಣಿ ಹೊತ್ತವನು ಕಂಡರೆ ಸಾಕು, ಒಲೆಯ ಮೇಲಿನ ಸಾರನ್ನು ಇಳಿಸಿಟ್ಟು ಚಪ್ಪಲಿ ಮೆಟ್ಟಿ ಹೊರಟುಬಿಡುವ ಹೆಂಗಸು.

ಅವಳ ಅಗತ್ಯವೂ ಆ ಬಡಾವಣೆಗೆ ಇತ್ತು ಎನ್ನಿ. ಅಲ್ಲಿಯವರೆಗೆ ಗೋಡೆ ಎಂದರೆ ಸುಣ್ಣ, ಬಹಳವೆಂದರೆ ಸುಣ್ಣಕ್ಕೆ ಒಂದು ಚಿಟಿಕೆ ನೀಲಿ. ಈಗ ಡಿಸ್ಟೆಂಪರ್ ಬಂದಿತ್ತು, ಅದರ ಜೊತೆ ಫ್ಯಾಷನ್ನೂ ಬಂದಿತ್ತು. ಒಂದು ವರ್ಷ ಬೀದಿಯ ಕೊನೆಯ ಮನೆಯವರು ಹಾಲಿಗೆ ಪಿಸ್ತಾ ಹಸಿರು ಹೊಡೆಸಿದರು. ಮುಂದಿನ ಯುಗಾದಿಯ ಹೊತ್ತಿಗೆ ಸಿಡುಬು ಹರಡಿದ ಹಾಗೆ ಇಡೀ ಬೀದಿಗೆ ಪಿಸ್ತಾ ಹಸಿರು ಹರಡಿತು. ಮನೆಗಳನ್ನು ಕಟ್ಟಿದ್ದೂ ಒಬ್ಬನೇ ಮೇಸ್ತ್ರಿ. ಹೀಗಾಗಿ ಪಂಕಜಾಳ ಗಂಡ ಸೇತುರಾಮ ಒಂದು ಸಂಜೆ ಆಫೀಸಿನಿಂದ ಬಂದವನೇ ಪಕ್ಕದ ಮನೆಯ ಹಾಲಿನಲ್ಲಿ ಕೂತು, ಪೇಪರ್ ಬಿಡಿಸಿ, ಒಳಗಿದ್ದವರಿಗೆ ಕಾಫಿ ತರಲು ಹೇಳಿದ. ಆ ಮನೆಯಾಕೆ ಪಾಪ, ಕಾಫಿ ಕೊಟ್ಟು ಕಳಿಸಿದರು. ಸೇತುರಾಮ ಹೆಬ್ಬಾಳದ ಕೃಷಿ ಕಾಲೇಜಿನ ಕಚೇರಿಯಲ್ಲಿ ಗುಮಾಸ್ತನಾಗಿದ್ದ, ತಲೆ ಬಗ್ಗಿಸಿ ನಡೆಯುವ ಮನುಷ್ಯ. ಆಮೇಲೆ ಬಹಳ ದಿನ ಅವನು ಬಾಗಿಲ ಮೇಲಿನ ಮನೆ ನಂಬರ್ ಓದಿಕೊಂಡೇ ಒಳಗೆ ಕಾಲಿಡುತ್ತಿದ್ದ.

ಪಂಕಜಾ ಬಣ್ಣ ಆರಿಸುವ ರೀತಿಯೇ ಬೇರೆ. ಅಂಗಡಿಯವರು ಕೊಡುವ ಶೇಡ್ ಕಾರ್ಡನ್ನು ಅವಳು ಕೈಯಲ್ಲೂ ಮುಟ್ಟುತ್ತಿರಲಿಲ್ಲ. ಅದರಲ್ಲಿ ಬೆರಳ ತುದಿಯಷ್ಟಗಲದ ಚೌಕಗಳು, ಕೆಳಗೆ ಬಾಯಿಗೆ ಬಾರದ ಇಂಗ್ಲಿಷ್ ಹೆಸರುಗಳು. ಹಿಂದಿನ ಬೀದಿಯಲ್ಲಿ ರವಿಕೆ ಹೊಲಿಯುತ್ತಿದ್ದ ಕುಲ್ಸುಮ್ ಅವಳ ಸ್ನೇಹಿತೆ. ಕುಲ್ಸುಮ್ ಕತ್ತರಿಸಿ ಉಳಿಸಿದ ಚೂರುಗಳನ್ನೆಲ್ಲ ಪಂಕಜಾ ಒಂದು ಚೀಲದಲ್ಲಿ ತುಂಬಿಟ್ಟುಕೊಂಡಿದ್ದಳು. ಗಿಣಿಹಸಿರು, ಸಾಸಿವೆ, ಸಂಪಿಗೆ, ಬದನೆಕಾಯಿ, ಮಾಂದಳಿರು, ಕಾಫಿಪುಡಿ. ಸೀರೆ ಉಡುವ ಯಾವ ಹೆಂಗಸಿಗೂ ಈ ಹೆಸರುಗಳನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ. ಅವಳು ಬಂದವಳೇ ಮನೆಯೊಡತಿಯನ್ನು ಗೋಡೆಗೆ ಬೆನ್ನು ಮಾಡಿಸಿ ಕೂರಿಸುತ್ತಿದ್ದಳು. ಆಕೆಯ ಕಿವಿಯ ಪಕ್ಕ ಒಂದೊಂದೇ ಚೂರನ್ನು ಗೋಡೆಗೆ ಒತ್ತಿ ಹಿಡಿಸಿ, ತಾನು ಹಿಂದೆ ಸರಿದು, ಒಂದು ಕಣ್ಣು ಮುಚ್ಚಿ ನೋಡುತ್ತಿದ್ದಳು. ಬೆಳಿಗ್ಗೆ ಒಮ್ಮೆ, ಸಂಜೆ ದೀಪ ಹಾಕಿದ ಮೇಲೆ ಇನ್ನೊಮ್ಮೆ. ಬಿಸಿಲೇ ಬಾರದ ಕೋಣೆಗೆ ಮಾಂದಳಿರು. ಒಗ್ಗರಣೆ ಹೊಗೆ ಹಿಡಿಯುವ ಅಡುಗೆಮನೆಗೆ ಹಾಲು ಜಾಸ್ತಿ ಬಿದ್ದ ಕಾಫಿಯ ಬಣ್ಣ. ಮಲಗುವ ಕೋಣೆಗೆ ಗಾಢ ನೀಲಿ ಬೇಕೆಂದು ಹಟ ಹಿಡಿದ ಒಬ್ಬ ಬ್ಯಾಂಕ್ ಅಧಿಕಾರಿಗೆ, ನಿಮ್ಮ ಹೆಂಡತಿ ಈ ಗೋಡೆಯ ಮುಂದೆ ಆಸ್ಪತ್ರೆಯಿಂದ ಈಗಷ್ಟೇ ಬಂದವರ ಹಾಗೆ ಕಾಣುತ್ತಾರೆ ಎಂದು ಮುಖಕ್ಕೆ ಹೊಡೆದ ಹಾಗೆ ಹೇಳಿಬಂದಿದ್ದಳು.

“ಗೋಡೆ ನೋಡಕ್ಕೆ ಯಾರೂ ಮನೆಗೆ ಬರಲ್ಲ ಕಣ್ರೀ. ಗೋಡೆ ಮುಂದೆ ಕೂತಿರೋರನ್ನ ನೋಡಕ್ಕೆ ಬರ್ತಾರೆ,” ಎನ್ನುವುದು ಅವಳ ಒಂದೇ ಸಿದ್ಧಾಂತ.

ಈ ಸಿದ್ಧಾಂತದ ಮೇಲೆ ಅವಳಿಗೆ ಎಷ್ಟು ನಂಬಿಕೆಯಿತ್ತೆಂದರೆ, ನಾದಿನಿ ಜಯಾಳ ಮದುವೆ ಆಗದಿರುವುದಕ್ಕೆ ತಮ್ಮ ಹಾಲಿನ ಪಿಸ್ತಾ ಹಸಿರೇ ಕಾರಣ ಎಂದು ಅವಳು ತೀರ್ಮಾನಿಸಿಬಿಟ್ಟಿದ್ದಳು. ಜಯಾ ಸೇತುರಾಮನ ತಂಗಿ. ತಂದೆತಾಯಿ ಹೋದ ಮೇಲೆ ಅಣ್ಣನ ಮನೆಯಲ್ಲೇ ಬೆಳೆದು, ಟೈಪಿಂಗ್ ಕಲಿತು, ಯಶವಂತಪುರದ ಒಂದು ಕಚೇರಿಗೆ ಬಸ್ಸಿನಲ್ಲಿ ಹೋಗಿಬರುತ್ತಿದ್ದಳು. ಚುರುಕು ಹುಡುಗಿ, ಒಳ್ಳೆ ಕಂಠ, ಮಾತಿಗೆ ಮಾತು ಕೊಡುವ ನಾಲಿಗೆ. ಮೈಬಣ್ಣ ಮಾತ್ರ ಕಪ್ಪು. ನೆಂಟರು ಅದನ್ನು ಎಣ್ಣೆಗೆಂಪು ಎನ್ನುತ್ತಿದ್ದರು. ನೋಡಲು ಬಂದವರು ಏನೂ ಅನ್ನುತ್ತಿರಲಿಲ್ಲ. ಉಪ್ಪಿಟ್ಟು ಕೇಸರಿಬಾತು ತಿಂದು, ಹಾಡು ಕೇಳಿ, ಹೋಗಿ ಜಾತಕ ಕೂಡಲಿಲ್ಲವೆಂದು ಹೇಳಿ ಕಳಿಸುತ್ತಿದ್ದರು. ಮೊದಲೇ ಕೂಡಿಸಿ ನೋಡಿದ್ದ ಜಾತಕ ಕೇಸರಿಬಾತು ತಿಂದ ಮೇಲೆ ಹೇಗೆ ಕೆಡುತ್ತದೋ ಭಗವಂತನೇ ಬಲ್ಲ.

ಹಾಗೆ ಹೇಳಿ ಕಳಿಸಿದಾಗಲೆಲ್ಲ ಜಯಾ ನಕ್ಕು ಆಫೀಸಿಗೆ ಹೋಗುತ್ತಿದ್ದಳು. ಪಂಕಜಾಳಿಂದ ಮಾತ್ರ ತಡೆದುಕೊಳ್ಳಲಾಗುತ್ತಿರಲಿಲ್ಲ. ಲಂಗ ಹಾಕುತ್ತಿದ್ದಾಗಿನಿಂದ ತಲೆ ಬಾಚಿ ಜಡೆ ಹಾಕಿ ಬೆಳೆಸಿದ ಹುಡುಗಿ. ಇವಳಿಗೆ ಒಂದು ಒಳ್ಳೆಯ ಮನೆ ಸಿಗದಿದ್ದರೆ ಊರಿಗೆಲ್ಲ ಬಣ್ಣ ಆರಿಸಿಕೊಟ್ಟು ತನಗೇನು ಬಂತು ಎಂದು ಕೊರಗುತ್ತಿದ್ದಳು.

ಎಪ್ಪತ್ತೆಂಟರ ಬೇಸಿಗೆಯಲ್ಲಿ ಬದರೀನಾಥನ ಸಂಬಂಧ ಬಂತು. ಯಶವಂತಪುರದ ರೈಲ್ವೆ ಗೂಡ್ಸ್ ಆಫೀಸಿನಲ್ಲಿ ಕೆಲಸ, ತಾಯಿ ಸೀತಮ್ಮ ಒಬ್ಬರೇ, ತಂಟೆಯಿಲ್ಲದ ಮನೆ. ಇದು ತಪ್ಪಿದರೆ ಇಂಥದ್ದು ಮತ್ತೆ ಬರುವುದಿಲ್ಲ ಎಂದು ಸೇತುರಾಮನಂಥ ಸೇತುರಾಮನೂ ಎರಡು ಸಲ ಹೇಳಿದ. ಪಂಕಜಾ ಚೀಲ ಬಿಚ್ಚಿದಳು.

ಆಮೇಲಿನ ವಾರವೆಲ್ಲ ಜಯಾಳಿಗೆ ಮನೆಯಲ್ಲಿ ನೆಮ್ಮದಿಯಾಗಿ ಕೂರುವಂತಿರಲಿಲ್ಲ. ಕೂತರೆ ಅತ್ತಿಗೆ ಕಿವಿಯ ಪಕ್ಕ ಬಟ್ಟೆ ಚೂರು ಹಿಡಿಯುತ್ತಿದ್ದಳು. ಊಟಕ್ಕೆ ಕೂತಾಗ ಸಾಸಿವೆ, ಪೇಪರ್ ಓದುವಾಗ ಸಂಪಿಗೆ. ಕೊನೆಗೆ ಒಂದು ಸಂಜೆ, ಪಡುವಣ ಕಿಟಕಿಯಿಂದ ಬಿಸಿಲು ಒಳಗೆ ಬಿದ್ದಿದ್ದಾಗ, ಎದುರಿನ ಗೋಡೆಗೆ ಒರಗಿ ಕೂತಿದ್ದ ಜಯಾಳ ಕಿವಿಯ ಪಕ್ಕ ಈರುಳ್ಳಿ ಸಿಪ್ಪೆ ಬಣ್ಣದ ಚೂರು ಒತ್ತಿ ಹಿಡಿದು ಪಂಕಜಾ ಹಾಗೇ ನಿಂತುಬಿಟ್ಟಳು. ಜಯಾಳ ಕೆನ್ನೆ ತಾಮ್ರದ ತಂಬಿಗೆಯ ಹಾಗೆ ಬೆಚ್ಚಗೆ ಹೊಳೆಯಿತು. ಕಪ್ಪು ಎನ್ನಬಹುದಾದದ್ದು ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ. ಕಿಟಕಿಯ ಬಿಸಿಲು ನೇರ ಬೀಳುವುದು ಆ ಮೂಡಲ ಗೋಡೆಯೊಂದಕ್ಕೇ. ಹುಡುಗಿ ಅದಕ್ಕೆ ಬೆನ್ನು ಕೊಟ್ಟು ಕೂರಬೇಕು, ಗಂಡಿನವರು ಕಿಟಕಿಯ ಕಡೆ ಕೂರಬೇಕು, ಸಮಯ ಸಂಜೆ ನಾಲ್ಕೂವರೆ. ಎಲ್ಲ ಲೆಕ್ಕವೂ ಸರಿಹೋಯಿತು.

ಬಣ್ಣ ಬಳಿಯಬೇಕಾಗಿದ್ದವನು ಕೊಡಿಗೇಹಳ್ಳಿಯ ಲಕ್ಕಣ್ಣ. ಒಳ್ಳೆ ಕೈಯಾದರೂ ಅವನಿಗೆ ನೀಲಿಯ ಹುಚ್ಚು. ಕಣ್ಣು ತಪ್ಪಿಸಿದರೆ ಯಾವ ಬಣ್ಣಕ್ಕಾದರೂ ಒಂದು ಹಿಡಿ ನೀಲಿ ಹಾಕಿ, ಈಗ ಬಂತು ನೋಡಿ ಕಳೆ, ಎನ್ನುವವನು. ಬಕೆಟ್ಟಿನ ಪಕ್ಕದಲ್ಲೇ ಪಂಕಜಾ ಮಣೆ ಹಾಕಿಕೊಂಡು ಕಾವಲು ಕೂತಳು. ಆದರೆ ಒಂದೇ ಗೋಡೆಗೆ ಬಳಿಯಬೇಕು, ಉಳಿದದ್ದು ಕ್ರೀಮ್ ಇರಲಿ ಎಂದಾಗ ಅವನಿಗೆ ತಡೆದುಕೊಳ್ಳಲಾಗಲಿಲ್ಲ.

“ಇಂಗೆ ಒಂದು ಗ್ವಾಡೆಗೆ ಬಳ್ದು ಬುಟ್ರೆ ನೋಡ್ದೋರು ಏನಂತಾರೆ ಅಮ್ಮಾವ್ರೇ? ಲಕ್ಕಣ್ಣಂಗೆ ಬಣ್ಣ ಸಾಲ್ದೆ ಓಯ್ತು ಅಂತಾರೆ,” ಎಂದ.

ಅವನು ಹೇಳಿದ ಹಾಗೇ ಆಯಿತು. ಅಕ್ಕಪಕ್ಕದವರು ಒಬ್ಬೊಬ್ಬರಾಗಿ ಬಂದು, ಡಿಸ್ಟೆಂಪರ್ ಮುಗಿದುಹೋಯಿತೇ ಎಂದು ಮರುಕದಿಂದ ವಿಚಾರಿಸಿದರು. ಉಳಿದ ಮೂರು ಗೋಡೆಗಳು ಏನು ಪಾಪ ಮಾಡಿದ್ದವು ಎಂದು ಸೇತುರಾಮ ಕೇಳಿದ. ಒಂದು ವರ್ಷ ಕಳೆಯುವುದರೊಳಗೆ ಅದೇ ಬೀದಿಯಲ್ಲಿ ಮನೆಮನೆಗೂ ಒಂದೊಂದು ಗೋಡೆ ಬೇರೆ ಬಣ್ಣ ತಾಳಿ, ನಮ್ಮದೂ ಪಂಕಜಮ್ಮನ ಮನೆ ಥರ ಎಂದು ಅವರೇ ಹೇಳಿಕೊಳ್ಳುವಂತಾಯಿತು. ಆದರೆ ಬಳಿದ ಆ ವಾರ ಮಾತ್ರ ಎಲ್ಲರೂ ಮುಸಿಮುಸಿ ನಕ್ಕರು.

ಭಾನುವಾರ ನಾಲ್ಕೂವರೆಗೆ ಸರಿಯಾಗಿ ಗಂಡಿನವರು ಬಂದರು. ಸೀತಮ್ಮ ಕೊಡೆ ಮಡಿಸಿ ಬಾಗಿಲ ಹಿಂದೆ ಇಟ್ಟು, ಹಾಲಿನೊಳಗೆ ಬಂದು, ಆ ಬಣ್ಣದ ಗೋಡೆ ಮೂಡಲದ್ದೋ ಪಡುವಣದ್ದೋ ಎಂದು ಕೇಳಿದರು. ಪಂಕಜಾ ಹೆಮ್ಮೆಯಿಂದ ಮೂಡಲದ್ದು ಎಂದಳು. ಗೋಡೆಯ ಮುಂದೆ ಹಾಸಿದ್ದ ಜಮಖಾನವನ್ನು ನೋಡಿ ಸೀತಮ್ಮನ ಹುಬ್ಬು ಗಂಟಿಕ್ಕಿತು. ಶುಭಕಾರ್ಯಕ್ಕೆ ಹುಡುಗಿ ಪಶ್ಚಿಮಕ್ಕೆ ಮುಖ ಮಾಡಿ ಕೂರುವುದೆಂದರೆ ಏನು, ಪೂರ್ವಕ್ಕೆ ತಿರುಗಿಯೇ ಕೂರಬೇಕು ಎಂದು ಅವರು ಹೇಳಿದರು. ಅದು ಎಲ್ಲರಿಗೂ ಗೊತ್ತಿದ್ದ ವಿಷಯವೇ. ವಾರವಿಡೀ ಬಿಸಿಲನ್ನೇ ನೋಡಿದ ಪಂಕಜಾ ದಿಕ್ಕನ್ನು ಪೂರ್ತಿ ಮರೆತಿದ್ದಳು. ಅವಳು ಬಾಯಿ ತೆರೆಯುವ ಮೊದಲೇ ಸೇತುರಾಮ ಸೌಜನ್ಯವೇ ಮೈವೆತ್ತಂತೆ ಜಮಖಾನವನ್ನು ಎಳೆದು ಕಿಟಕಿಯ ಕೆಳಗೆ ಹಾಸಿದ. ಕುರ್ಚಿಗಳನ್ನು ಎತ್ತಿ ಈರುಳ್ಳಿ ಸಿಪ್ಪೆಯ ಗೋಡೆಗೆ ತಾಗಿಸಿಟ್ಟ.

ಅಡುಗೆಮನೆ ಬಾಗಿಲಲ್ಲಿ ನಿಂತು ಪಂಕಜಾ ನೋಡಿದ ದೃಶ್ಯವನ್ನು ಶತ್ರುವಿಗೂ ತೋರಿಸಬಾರದು. ಪಡುವಣ ಬಿಸಿಲೆಲ್ಲ ಬದರೀನಾಥನ ಮೇಲೆ ಸುರಿದಿತ್ತು. ಸಾಧಾರಣ ಮೈಬಣ್ಣದ, ಮುಂದಲೆ ಕೂದಲು ಸ್ವಲ್ಪ ತೆಳುವಾದ ಆ ಹುಡುಗ, ಆ ಗೋಡೆಯ ಮುಂದೆ ದಸರಾ ಮೆರವಣಿಗೆಗೆ ಹೊರಟ ಯುವರಾಜನ ಹಾಗೆ ಝಗಝಗಿಸುತ್ತಿದ್ದ. ಜಯಾ ಕಿಟಕಿಯ ಕೆಳಗೆ ಬೆಳಕಿಗೆ ಬೆನ್ನು ಕೊಟ್ಟು ಕೂತಿದ್ದಳು. ಸೀರೆ ಉಟ್ಟ ಒಂದು ನೆರಳು ಕೂತಿದೆ ಎನ್ನಬಹುದಿತ್ತು, ಅಷ್ಟೆ. ಬದರೀನಾಥ ಕಣ್ಣು ಕಿರಿದು ಮಾಡಿ, ಹಣೆಗೆ ಕೈ ಅಡ್ಡ ಹಿಡಿಯಲು ಹೋಗಿ, ಅದು ಮರ್ಯಾದೆಯಲ್ಲವೆಂದು ಕೈಯನ್ನು ತೊಡೆಯ ಮೇಲಿಟ್ಟುಕೊಂಡ. ನೆರಳು ಹಾಡಿತು. ಚೆನ್ನಾಗಿ ಹಾಡಿತು. ಅವರು ಕೇಸರಿಬಾತು ತಿಂದು ಹೊರಟರು, ಕೊಡೆ ಬಾಗಿಲ ಹಿಂದೆಯೇ ಉಳಿಯಿತು.

ಮಂಗಳವಾರ ಒಪ್ಪಿಗೆ ಬಂತು. ಸೇತುರಾಮ ಸೈಕಲ್ಲನ್ನು ಗೇಟಿಗೆ ಡಿಕ್ಕಿ ಹೊಡೆಸಿಕೊಂಡೇ ಒಳಗೆ ಬಂದು ಸುದ್ದಿ ಹೇಳಿದ. ಪಂಕಜಾ ದೇವರಿಗೆ ತುಪ್ಪದ ದೀಪ ಹಚ್ಚಿದಳು. ಗೋಡೆ ಅಡ್ಡ ತಿರುಗಿದರೂ ಕೆಲಸ ಮಾಡಿಕೊಟ್ಟಿತಲ್ಲ ಎಂದು ಅದರ ಮೇಲೆ ಒಮ್ಮೆ ಕೈಯಾಡಿಸಿದಳು. ಆದರೆ ಆಫೀಸಿನಿಂದ ಬಂದ ಜಯಾ ಸುದ್ದಿ ಕೇಳಿ ಕುಣಿಯಲಿಲ್ಲ. ಕೈಕಾಲು ತೊಳೆದು ಬಂದು, ಅವರು ತನ್ನನ್ನು ನೋಡೇ ಇಲ್ಲವಲ್ಲ ಎಂದಳು. ಮದುವೆಗೆ ಮುಂಚೆ ಒಂದು ಸಲ ಆ ಹುಡುಗ ಬಂದು ತನ್ನನ್ನು ಬೆಳಕಿನಲ್ಲಿ ನೋಡಬೇಕು, ಆಮೇಲೂ ಒಪ್ಪಿದರೆ ಸರಿ ಎಂದಳು.

ಕೈಗೆ ಬಂದದ್ದನ್ನು ಯಾರಾದರೂ ಹೀಗೆ ಎತ್ತಿ ಬಿಸಾಡುತ್ತಾರೆಯೇ ಎಂದು ಪಂಕಜಾ ಗದರಿದಳು. ಮದುವೆಯಾದ ಮೇಲೆ ನೋಡೇ ನೋಡುತ್ತಾರೆ, ಅಲ್ಲಿಯವರೆಗೆ ಬಾಯಿಗೆ ಬೀಗ ಹಾಕಿಕೊಂಡಿರು ಎಂದಳು. ಕೊನೆಗೆ ತಾನು ಇಷ್ಟೆಲ್ಲ ಒದ್ದಾಡಿದ್ದು ಯಾರಿಗಾಗಿ ಎಂದು ಕಣ್ಣಲ್ಲಿ ನೀರು ತಂದುಕೊಂಡಳು.

ಜಯಾ ಅತ್ತಿಗೆಯ ಪಕ್ಕದಲ್ಲೇ ಕೂತು, ಸಿಟ್ಟಿಲ್ಲದೆ ಕೇಳಿದಳು. “ಮದುವೆ ಆದ್ಮೇಲೆ ಅವರ ಮನೆ ಗೋಡೆಗೆಲ್ಲ ನೀವೇ ಬಂದು ಬಣ್ಣ ಹೊಡೆಸ್ತೀರಾ ಅತ್ತಿಗೆ? ನಾನು ಬಸ್‌ಸ್ಟಾಪಲ್ಲಿ ನಿಂತಾಗ, ಬಾವಿ ಕಟ್ಟೆ ಮೇಲೆ ಕೂತಾಗ, ನನ್ನ ಹಿಂದೆ ಯಾರು ಗೋಡೆ ಹೊತ್ಕೊಂಡು ಬರ್ತಾರೆ?”

ಪಂಕಜಾಳಿಗೆ ಹಿಂದಿನಿಂದ ಯಾರೋ ತಲೆಗೆ ಮೊಟಕಿದ ಹಾಗಾಯಿತು. ಆ ರಾತ್ರಿ, ತಾನು ಈ ಹುಡುಗಿಯನ್ನು ಯಾರ ಕಣ್ಣಿನಿಂದ ನೋಡುತ್ತಿದ್ದೆ ಎಂದು ಯೋಚಿಸಿದಷ್ಟೂ ಅವಳಿಗೆ ನಾಚಿಕೆಯಾಯಿತು. ಜಾತಕ ಕೂಡಲಿಲ್ಲ ಎಂದವರ ಕಣ್ಣಿನಿಂದಲೇ ಅಲ್ಲವೇ. ಅವರು ಬಾಯಲ್ಲಿ ಹೇಳದೆ ಹೋದದ್ದನ್ನು ತಾನು ದಿನವೂ ಬಟ್ಟೆ ಚೂರು ಹಿಡಿದು ಜಯಾಳ ಕಿವಿಯ ಪಕ್ಕದಲ್ಲೇ ಹೇಳುತ್ತಿದ್ದಳು. ಬೆಳಿಗ್ಗೆ ಸೇತುರಾಮ ಕೊಡೆ ಹಿಂತಿರುಗಿಸಿ ಬರುತ್ತೇನೆಂದು ಹೊರಟಾಗ ಅವನ ಕೈಯಿಂದ ಕೊಡೆ ಕಿತ್ತುಕೊಂಡಳು. ಅಮ್ಮನ ಕೊಡೆ ಇಲ್ಲೇ ಇದೆ, ಬದರೀನಾಥನೇ ಬಂದು ತೆಗೆದುಕೊಂಡು ಹೋಗಲಿ, ಬೆಳಿಗ್ಗೆ ಹೊತ್ತೇ ಬರಲಿ ಎಂದು ಹೇಳಿ ಬರಲು ಕಳಿಸಿದಳು. ಸೇತುರಾಮನಿಗೆ ಅರ್ಥವಾಗಲಿಲ್ಲ, ಆದರೂ ಹೇಳಿ ಬಂದ.

ಭಾನುವಾರ ಬೆಳಿಗ್ಗೆ ಬದರೀನಾಥ ಬಂದಾಗ ಜಯಾ ಹಿತ್ತಲಿನಲ್ಲಿ, ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು ತಲೆ ಒಣಗಿಸಿಕೊಳ್ಳುತ್ತಿದ್ದಳು. ಹಿಂದೆ ಗಾರೆಯನ್ನೂ ಕಾಣದ ಇಟ್ಟಿಗೆಯ ಕಾಂಪೌಂಡು. ಮೇಲೆ ಮೇ ತಿಂಗಳ ಬಿಸಿಲು. ಮನೆಯಲ್ಲಿ ಉಡುವ ಮಾಸಲು ಸೀರೆ. ಪಂಕಜಾ ಅವನನ್ನು ಹಿತ್ತಲ ಬಾಗಿಲವರೆಗೆ ಕರೆತಂದು, ಕಾಫಿ ತರುತ್ತೇನೆಂದು ಹೇಳಿ, ಅಡುಗೆಮನೆ ಕಿಟಕಿಯ ಹಿಂದೆ ಹೋಗಿ ನಿಂತಳು. ಕದ್ದು ಕೇಳುವುದು ತಪ್ಪೆಂದು ಅವಳಿಗೆ ಗೊತ್ತಿತ್ತು. ಆದರೂ ಕಿಟಕಿಯ ಕದವನ್ನು ಒಂದಿಷ್ಟು ತೆರೆದಿಟ್ಟಳು.

ಕೊಡೆಯನ್ನು ಕಂಕುಳಲ್ಲಿ ಇಟ್ಟುಕೊಂಡು ಹುಡುಗ ನಿಂತೇ ಇದ್ದ. ಬಿಸಿಲಿನಲ್ಲಿ ಅವನ ಯುವರಾಜ ಕಳೆಯೆಲ್ಲ ಇಳಿದುಹೋಗಿತ್ತು. ಯಶವಂತಪುರದ ಯಾವ ಬಸ್‌ಸ್ಟಾಪಿನಲ್ಲಾದರೂ ನಿಂತಿರಬಹುದಾದ ಒಬ್ಬ ಮನುಷ್ಯ. ಜಯಾ ಸುತ್ತಿ ಬಳಸದೆ, ಅವತ್ತು ನಿಮಗೆ ನಾನು ಕಾಣಿಸಲಿಲ್ಲ ಅಲ್ಲವೇ ಎಂದು ಕೇಳಿದಳು. ಅವನು ಕೊಡೆಯ ಹಿಡಿಯನ್ನು ತಿರುಗಿಸಿದ.

“ಬಿಸಿಲು ಕಣ್ಣಿಗೆ ಹೊಡೀತಿತ್ತು,” ಎಂದ. “ಬಸ್ಸಲ್ಲಿ ಅಮ್ಮ ಕೇಳಿದ್ರು, ಹುಡುಗಿ ಹೇಗಿದಾಳೆ ಅಂತ. ಕಾಣಿಸ್ಲೇ ಇಲ್ಲ ಅನ್ನಕ್ಕೆ ನಾಚಿಕೆ ಆಯ್ತು. ಹಾಡು ಇನ್ನೂ ಕಿವೀಲೇ ಇತ್ತು. ಚೆನ್ನಾಗಿದಾಳೆ ಅಂದ್ಬಿಟ್ಟೆ.”

“ಈಗ?”

ಅವನು ನೋಡಿದ. ಅವಸರವಿಲ್ಲದೆ, ಒದ್ದೆ ಕೂದಲು, ಬಿಸಿಲಿಗೆ ಇನ್ನಷ್ಟು ಕಪ್ಪಾಗಿದ್ದ ಮುಖ, ಅವನನ್ನೇ ದಿಟ್ಟಿಸುತ್ತಿದ್ದ ಕಣ್ಣು, ಎಲ್ಲವನ್ನೂ ನೋಡಿದ.

“ಈಗ ಸುಳ್ಳು ಹೇಳ್ಬೇಕಾಗಿಲ್ಲ,” ಎಂದ.

ನೀವು ಅವತ್ತು ಬಹಳ ಚೆನ್ನಾಗಿದ್ದಿರಿ, ಇವತ್ತು ಪರವಾಗಿಲ್ಲ ಎಂದಳು ಜಯಾ. ಬದರೀನಾಥ ನಗಲು ಶುರುಮಾಡಿ, ಕೊಡೆ ಕೆಳಗೆ ಬಿದ್ದು, ಅದನ್ನು ಎತ್ತಿಕೊಳ್ಳಲು ಬಗ್ಗಿ, ಮತ್ತೆ ನಕ್ಕ. ಒಳಗೆ ಪಂಕಜಾ ಕಾಫಿಗೆ ಎಷ್ಟು ಸಲ ಸಕ್ಕರೆ ಹಾಕಿದಳೋ ಅವಳಿಗೇ ನೆನಪಿಲ್ಲ. ಆ ಪಾನಕವನ್ನು ಹುಡುಗ ಮುಖ ಕಿವುಚದೆ ಕುಡಿದು ಹೋದ. ಅವನು ಮನೆಗೆ ಹೋಗಿ ತಾಯಿಗೆ ಎಲ್ಲವನ್ನೂ ಹೇಳಿದನಂತೆ. ಸೀತಮ್ಮ ಒಂದು ದಿನ ಮಾತು ಬಿಟ್ಟು, ಮಾರನೆಯ ದಿನ, ಹೇಗೂ ಹುಡುಗಿ ಪೂರ್ವಕ್ಕೆ ಮುಖ ಮಾಡಿ ಕೂತಿದ್ದಳಲ್ಲ ಎಂದು ಸಮಾಧಾನ ಮಾಡಿಕೊಂಡರಂತೆ. ಶ್ರಾವಣದಲ್ಲಿ ಮದುವೆಯಾಯಿತು.

ಯಶವಂತಪುರದ ಮನೆಯಲ್ಲಿ ಹೊಸ ಜೋಡಿಯ ಕೋಣೆಗೆ ಬಣ್ಣ ಹೊಡೆಸುವ ಮಾತು ಬಂದಾಗ, ಅತ್ತಿಗೆಯನ್ನು ಕರೆಸದೆ ಬೇರೆ ದಾರಿಯಿರಲಿಲ್ಲ. ಪಂಕಜಾ ಚೀಲ ತೆಗೆದುಕೊಂಡು, ಲಕ್ಕಣ್ಣನನ್ನೂ ಬಕೆಟ್ಟುಗಳನ್ನೂ ಬಸ್ಸಿಗೆ ಹತ್ತಿಸಿಕೊಂಡು ಹೋದಳು. ಅಭ್ಯಾಸ ಬಲದಿಂದ ಜಯಾಳನ್ನು ಗೋಡೆಗೆ ಬೆನ್ನು ಮಾಡಿಸಿ ಕೂರಿಸಿ, ಚೀಲಕ್ಕೆ ಕೈ ಹಾಕಿದವಳು ಕೈಯನ್ನು ಹಾಗೇ ಹೊರಗೆ ತೆಗೆದಳು. ಅಷ್ಟು ವರ್ಷಗಳಲ್ಲಿ ಯಾರನ್ನೂ ಕೇಳದಿದ್ದ ಒಂದು ಮಾತನ್ನು ಕೇಳಿದಳು.

“ನಿಂಗ್ಯಾವ್ದು ಇಷ್ಟನೇ?”

ಜಯಾ ಒಂದು ಕ್ಷಣವೂ ಯೋಚಿಸಲಿಲ್ಲ. ಅರಿಶಿನ ಎಂದಳು. ಪೇಲವ ಹಳದಿಯಲ್ಲ, ಗಂಧದ ಬಣ್ಣವಲ್ಲ, ಮುತ್ತೈದೆಯ ಕೆನ್ನೆಗೆ ಹಚ್ಚುವಂಥ ದಟ್ಟ ಅರಿಶಿನ. ಕಪ್ಪಗಿರುವ ಹುಡುಗಿಯರಿಗೆ ಅಂಗಡಿಯವನು ಆ ಸೀರೆಯನ್ನು ಬಿಡಿಸಿ ತೋರಿಸುವುದೂ ಇಲ್ಲ. ಪಕ್ಕದಲ್ಲಿ ಆ ಬಣ್ಣ ಬಂದರೆ ಕಪ್ಪು ಎರಡರಷ್ಟು ಎದ್ದು ಕಾಣುತ್ತದೆ. ಪಂಕಜಾ ಚೀಲದ ಬಾಯಿ ಕಟ್ಟಿದಳು. ಅವಳು ಲಕ್ಕಣ್ಣನ ಕಡೆ ತಿರುಗಿದಳು. ಅರಿಶಿನ ಬಳಿ, ನಾಲ್ಕೂ ಗೋಡೆಗೆ ಬಳಿ, ಒಂದು ಚಿಟಿಕೆ ನೀಲಿ ಬಿದ್ದರೂ ಕೊಡಿಗೇಹಳ್ಳಿವರೆಗೆ ಅಟ್ಟಿಸಿಕೊಂಡು ಬರುತ್ತೇನೆ ಎಂದಳು.

ಬಣ್ಣ ಒಣಗಿದ ಮೇಲೆ ಜಯಾ ಕೋಣೆಯ ನಡುವೆ ಹೋಗಿ ನಿಂತು, ಸುತ್ತ ತಿರುಗಿ, ಅತ್ತಿಗೆಯ ಕಡೆ ನೋಡಿದಳು. ಪಂಕಜಾ ಹಿಂದೆ ಸರಿಯಲಿಲ್ಲ, ಒಂದು ಕಣ್ಣು ಮುಚ್ಚಲಿಲ್ಲ. ಎರಡೂ ಕಣ್ಣು ತೆರೆದು ನೋಡಿದಳು. ಆ ಅರಿಶಿನದ ಮುಂದೆ ಜಯಾ ಹಿಂದೆಂದೂ ಕಾಣದಷ್ಟು ಕಪ್ಪಗೆ ಕಾಣುತ್ತಿದ್ದಳು, ಮತ್ತು ಹಿಂದೆಂದೂ ಕಾಣದಷ್ಟು ಚೆಂದ ಕಾಣುತ್ತಿದ್ದಳು. ಆ ಹುಡುಗಿ ಹೀಗಿದ್ದಾಳೆ ಎಂದು ತನಗೆ ಇಷ್ಟು ವರ್ಷ ಗೊತ್ತೇ ಇರಲಿಲ್ಲವಲ್ಲ ಎಂದು ಪಂಕಜಾ ಸೆರಗಿನಿಂದ ಕಣ್ಣು ಒರೆಸಿಕೊಂಡಳು.